50 ಮೀಟರ್ ರೈಫಲ್ ಟ್ಯೂನಿಂಗ್: ಕರಾವಳಿಯ ಶೂಟರ್‌ಗಳಿಗೆ ಒಂದು ಮಾರ್ಗದರ್ಶಿ

50 ಮೀಟರ್ ರೈಫಲ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 10.4 ಮಿ.ಮೀ. ಒಂದು ರೂಪಾಯಿ ನಾಣ್ಯದ ಅರ್ಧದಷ್ಟು ಅಗಲ ಅಂದುಕೊಳ್ಳಿ. ಪಾಯಿಂಟ್ 22 ಗುಂಡಿನ ದಪ್ಪ ಸುಮಾರು 5.6 ಮಿ.ಮೀ. ಗುಂಡು ವೃತ್ತದ ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ. ಹಾಗಾಗಿ ಗುಂಡಿನ ನಡುಭಾಗ ಟಾರ್ಗೆಟ್‌ನ ನಡುವಿನಿಂದ 8 ಮಿ.ಮೀ. ಒಳಗೆ ಬೀಳಬೇಕು. ರೈಫಲ್ ಟ್ಯೂನಿಂಗ್ ಅಂತ ನಾವು ಮಾಡುವ ಕೆಲಸವೆಲ್ಲ ಈ 8 ಮಿ.ಮೀ.ಗಾಗಿ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮೂರು ಭಂಗಿಯಲ್ಲಿ ಹೊಡೆಯುವ ಸ್ಪರ್ಧೆ) ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು. ಅಲ್ಲಿ ಬಳಸುವುದು ಒಂದೊಂದೇ ರೌಂಡ್ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಹಾಕಿ, ಬೋಲ್ಟ್ ಅನ್ನುವ ಲೋಹದ ಸರಳನ್ನು ಕೈಯಿಂದ ಮುಚ್ಚಿ ಹೊಡೆಯುವ ಬೋಲ್ಟ್ ಆ್ಯಕ್ಷನ್ ರೈಫಲ್. ಏರ್ ರೈಫಲ್‌ನಿಂದ ಇದಕ್ಕೆ ಬರುವ ಹುಡುಗ ಹುಡುಗಿಯರು ಕೇಳುವ ಮೊದಲ ಪ್ರಶ್ನೆ, ‘ಯಾವ ಪಾರ್ಟ್ ಹಾಕಿಸಿದ್ರೆ ಸ್ಕೋರ್ ಏರುತ್ತೆ?’ ನನ್ನ ಉತ್ತರ ಯಾವಾಗಲೂ ಒಂದೇ. ಮೊದಲು ರೈಫಲ್ ನಿಮ್ಮ ಮೈಗೆ ಹೊಂದಲಿ. ಆಮೇಲೆ ಸ್ಕ್ರೂ, ಆಮೇಲೆ ಟ್ರಿಗರ್, ಆಮೇಲೆ ರೌಂಡ್. ಅಂಗಡಿಯ ಪಾರ್ಟ್‌ಗಳ ಸರದಿ ಕೊನೆಗೆ. ಈ ಸಾಲು ತಪ್ಪಿದರೆ ಯಾವ ಬದಲಾವಣೆಯಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮಂಗಳೂರು, ಉಡುಪಿಯಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಅದು ನಮ್ಮ ಹವೆ. ಜರ್ಮನಿಯಲ್ಲಿ ತಯಾರಾದ ರೈಫಲ್‌ನ ಕೈಪಿಡಿಯಲ್ಲಿ ಜುಲೈ ತಿಂಗಳ ಮಲ್ಪೆಯ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಕೈ ಹಾಕುವ ಮೊದಲು

ಕಾನೂನಿನ ಮಾತು ಮೊದಲೇ ಮುಗಿಸೋಣ. ಪಾಯಿಂಟ್ 22 ರೈಫಲ್‌ಗೆ ಲೈಸೆನ್ಸ್ ಬೇಕೇ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿ, ರಿಪೇರಿ, ಮಾರ್ಪಾಡು ಮಾಡುವವರಿಗೂ ಲೈಸೆನ್ಸ್ ಬೇಕು. ಬ್ಯಾರೆಲ್ ಮೊಟಕು ಮಾಡುವುದರ ಬಗ್ಗೆ 6ನೇ ಸೆಕ್ಷನ್ ಬೇರೆಯೇ ಇದೆ. ಬೈಕಂಪಾಡಿಯಲ್ಲೋ ಯೆಯ್ಯಾಡಿಯಲ್ಲೋ ಲೇತ್ ಕೆಲಸದಲ್ಲಿ ಪಳಗಿದವರು ಸಿಗಬಹುದು. ಆದರೆ ಬ್ಯಾರೆಲ್ ತಗೊಂಡು ಹೋಗಿ ‘ಇದರ ತುದಿ ಸ್ವಲ್ಪ ಕ್ಲೀನ್ ಮಾಡಿಕೊಡಿ’ ಅನ್ನಬೇಡಿ. ನಿಮಗೂ ತೊಂದರೆ, ಅವರಿಗೂ ತೊಂದರೆ. ಬ್ಯಾರೆಲ್, ಚೇಂಬರ್ (ರೌಂಡ್ ಕೂರುವ ಜಾಗ), ಬೋಲ್ಟ್, ಫೈರಿಂಗ್ ಪಿನ್ (ರೌಂಡ್‌ಗೆ ಬಡಿಯುವ ಮೊಳೆ), ಇಷ್ಟಕ್ಕೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಮಾತ್ರ ಕೈ ಹಾಕಬೇಕು. ತಯಾರಕರೇ ಕೊಟ್ಟಿರುವ ಅಡ್ಜಸ್ಟ್‌ಮೆಂಟ್‌ಗಳು ಮತ್ತು ಸ್ಟಾಕ್ (ಬ್ಯಾರೆಲ್ ಕೂರುವ ಮರದ ಅಥವಾ ಲೋಹದ ಒಡಲು) ಹೊಂದಿಸುವ ಕೆಲಸ ನಿಮ್ಮದು. ಈ ಲೇಖನ ಇರುವುದು ಅಷ್ಟರ ಬಗ್ಗೆಯೇ.

ಹೊಡೆದು ನೋಡುವುದು ಅನುಮತಿ ಇರುವ ರೇಂಜ್‌ನಲ್ಲಿ ಮಾತ್ರ. ಅಡಿಕೆ ತೋಟದ ಹಿಂದಿನ ಗುಡ್ಡ, ಕಲ್ಲುಕೋರೆ, ಖಾಲಿ ಬೀಚ್ ಯಾವುದೂ ಬೇಡ. ಪಾಯಿಂಟ್ 22 ಗುಂಡು ಒಂದು ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗಬಲ್ಲದು. ಕಲ್ಲಿಗೋ ನೀರಿಗೋ ತಾಗಿದರೆ ಎತ್ತ ತಿರುಗುತ್ತದೆ ಹೇಳಲಾಗದು.

ಮನೆಯಲ್ಲಿ ಹೊಂದಿಸಲು ಕೂರುವಾಗ ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಕಿರುಬೆರಳಿನಿಂದಲೂ ಮುಟ್ಟಿ ನೋಡಿ. ರೌಂಡ್‌ಗಳು ಆ ಕೋಣೆಯಲ್ಲೇ ಇರಬಾರದು. ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ. ಈಗಿರುವ ಪ್ರತಿಯೊಂದು ಅಳತೆಯನ್ನೂ ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ. ಬದಲಾಯಿಸಿದ್ದು ಸರಿ ಬರದಿದ್ದರೆ ವಾಪಸ್ ಹೋಗಲು ದಾರಿ ಬೇಕಲ್ವಾ?

ಮೊದಲ ಹಂತ: ಮೈಗೆ ಹೊಂದಿಸುವುದು

ಸ್ಟಾಕ್‌ನ ಹಿಂತುದಿಯಲ್ಲಿ ಭುಜಕ್ಕೆ ಒತ್ತುವ ಬಟ್‌ಪ್ಲೇಟ್‌ನಿಂದ ಶುರು ಮಾಡಿ. ಬಟ್‌ಪ್ಲೇಟ್ ಭುಜದಲ್ಲಿ ಕೂತಾಗ ಟ್ರಿಗರ್ ಬೆರಳಿನ ಮೊದಲ ಗೆಣ್ಣು ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಚಿರಬೇಕು, ಕೈ ಚಾಚಿದಂತೆ ಅನ್ನಿಸಬಾರದು. ಸ್ಟಾಕ್ ಉದ್ದವಾದರೆ ಭುಜ ಹಿಂದಕ್ಕೆ ಹೋಗುತ್ತದೆ. ಗಿಡ್ಡವಾದರೆ ಮುಖ ಸೈಟ್‌ಗೆ ಅಂಟಿಕೊಳ್ಳುತ್ತದೆ. ಶೂಟಿಂಗ್ ಜಾಕೆಟ್ ಹಾಕಿಯೇ ಅಳತೆ ನೋಡಿ. ಸೆಖೆ ಅಂತ ಬನಿಯನ್‌ನಲ್ಲಿ ಕೂತು ಹೊಂದಿಸಿದರೆ ರೇಂಜ್‌ನಲ್ಲಿ ಎಲ್ಲ ತಪ್ಪುತ್ತದೆ. ಜಾಕೆಟ್‌ನ ದಪ್ಪವೇ ಆ ವ್ಯತ್ಯಾಸಕ್ಕೆ ಸಾಕು.

ಮುಂದಿನದು ಚೀಕ್‌ಪೀಸ್, ಅಂದರೆ ಸ್ಟಾಕ್ ಮೇಲೆ ಕೆನ್ನೆ ಇಡುವ ಭಾಗ. ನನ್ನ ಪ್ರಕಾರ ಇಡೀ ರೈಫಲ್‌ನಲ್ಲಿ ಜಾಸ್ತಿ ಸಮಯ ಕೊಡಬೇಕಾದ ಜಾಗ ಇದೇ. ಕಣ್ಣು ಮುಚ್ಚಿ ಪೊಸಿಷನ್‌ಗೆ ಬನ್ನಿ. ಕತ್ತು ಬಿಗಿಯದೆ ತಲೆಯ ಭಾರವನ್ನು ಚೀಕ್‌ಪೀಸ್ ಮೇಲೆ ಬಿಡಿ. ಎರಡು ಸಲ ಉಸಿರು ಬಿಟ್ಟು ಕಣ್ಣು ತೆರೆಯಿರಿ. ಹಿಂದಿನ ಸೈಟ್‌ನ ತೂತಿನಲ್ಲಿ ಮುಂದಿನ ಸೈಟ್ ಸರಿಯಾಗಿ ನಡುವೆ ಕಾಣಬೇಕು. ಕೆಳಗೆ ಕಂಡರೆ ಕಣ್ಣು ತಗ್ಗಿನಲ್ಲಿದೆ, ಚೀಕ್‌ಪೀಸ್ ಏರಿಸಿ. ಮೇಲೆ ಕಂಡರೆ ಇಳಿಸಿ. ಎಡಬಲಕ್ಕೂ ಇದೇ ಲೆಕ್ಕ. ಕಣ್ಣು ತೆರೆದ ಮೇಲೆ ತಲೆಯನ್ನು ಚೂರು ಸರಿಸಿ ‘ಹಾಂ, ಸರಿ ಇದೆ’ ಅನ್ನಬೇಡಿ. ಸರಿಯಬೇಕಾದ್ದು ಚೀಕ್‌ಪೀಸ್. 60 ಗುಂಡಿನ ಪಂದ್ಯದಲ್ಲಿ ಕತ್ತು ಅರವತ್ತು ಸಲವೂ ಒಂದೇ ರೀತಿ ಸರಿಯುವುದಿಲ್ಲ.

ಹಿಡಿಕೆಯ ವಿಷಯದಲ್ಲಿ ನಮ್ಮೂರಿನ ಉಪಾಯ ಒಂದಿದೆ. ಫ್ಯಾಕ್ಟರಿಯ ಗ್ರಿಪ್ ಸಾಮಾನ್ಯವಾಗಿ ದೊಡ್ಡ ಅಂಗೈಗೆ ಮಾಡಿದ್ದು. ಕೈ ಚಿಕ್ಕದಿದ್ದವರಿಗೆ ಅಂಗೈ ಮತ್ತು ಮರದ ನಡುವೆ ಟೊಳ್ಳು ಉಳಿಯುತ್ತದೆ. ಗ್ರಿಪ್ ಒಂದನ್ನೇ ಬಿಚ್ಚಿ. ಎಂ-ಸೀಲ್‌ನಂತಹ ಎಪಾಕ್ಸಿ ಪುಟ್ಟಿ ಕಲಸಿ ಆ ಟೊಳ್ಳಿನ ಜಾಗಕ್ಕೆ ಹಚ್ಚಿ. ಕೈಗೆ ತೆಳು ಪ್ಲಾಸ್ಟಿಕ್ ಸುತ್ತಿಕೊಂಡು ಮೆಲ್ಲಗೆ ಹಿಡಿದು ಬಿಡಿ. ಗಟ್ಟಿಯಾದ ಮೇಲೆ ಎಮರಿ ಪೇಪರ್‌ನಲ್ಲಿ ಉಜ್ಜಿ. ಮರವನ್ನೇ ಕೆತ್ತಬೇಕು ಅಂದರೆ ಪರಿಚಯದ ಆಚಾರಿಯವರ ಹತ್ತಿರ ಬರೀ ಗ್ರಿಪ್ ಕೊಂಡುಹೋಗಿ. ‘ಆಚಾರ್ರೇ, ಹೆಬ್ಬೆರಳು ಕೂರುವಲ್ಲಿ ಒಂದು ನೂಲು ಮಾತ್ರ ತೆಗೆಯಿರಿ’ ಅಂದರೆ ಅವರಿಗೆ ಅರ್ಥವಾಗುತ್ತದೆ. ಪೂರ್ತಿ ರೈಫಲ್ ಅವರ ಹತ್ತಿರ ಬಿಟ್ಟು ಬರಬೇಡಿ. ಎಪಾಕ್ಸಿ ಹಾಕಿದ ಜಾಗ ಬೆವರಿಗೆ ಜಾರುತ್ತದೆ, ಹಾಗಾಗಿ ಮೇಲ್ಮೈ ತರಿತರಿಯಾಗಿಯೇ ಇರಲಿ.

ಮಲಗಿ, ಮಂಡಿಯೂರಿ, ನಿಂತು ಹೊಡೆಯುವ ಮೂರು ಭಂಗಿಗೂ ಬಟ್‌ಪ್ಲೇಟ್ ಎತ್ತರ, ಚೀಕ್‌ಪೀಸ್, ಹ್ಯಾಂಡ್‌ಸ್ಟಾಪ್‌ನ (ಮುಂಗೈ ಜಾರದಂತೆ ತಡೆಯುವ ತುಂಡು) ಜಾಗ ಬೇರೆ ಬೇರೆ. ಸ್ಟಾಕ್ ಮೇಲೆ ಅಳತೆಯ ಗೆರೆ ಇಲ್ಲದಿದ್ದರೆ ತೆಳು ಟೇಪ್ ಅಂಟಿಸಿ ಪೆನ್‌ನಲ್ಲಿ ಗುರುತು ಹಾಕಿ, ಅದೇ ನಂಬರ್ ನೋಟ್‌ಬುಕ್‌ನಲ್ಲೂ ಇರಲಿ. ಭಾರ ಸೇರಿಸುವವರು ಒಂದು ನಿಯಮ ನೆನಪಿಡಿ. 50 ಮೀಟರ್ ರೈಫಲ್‌ನ ಒಟ್ಟು ತೂಕ 8 ಕೆ.ಜಿ. ಮೀರಬಾರದು. ಏರ್ ರೈಫಲ್‌ಗೆ 5.5 ಕೆ.ಜಿ.

ಸೈಟ್

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಮುಂದಿನ ಸೈಟ್‌ನ ರಿಂಗ್ ತೀರಾ ಚಿಕ್ಕದು ಹಾಕಬೇಡಿ. ಕಪ್ಪು ಟಾರ್ಗೆಟ್‌ನ ಸುತ್ತ ಬಿಳಿಯ ಬಳೆ ಸ್ಪಷ್ಟವಾಗಿ ಕಾಣಬೇಕು. ಬಳೆ ಸಣ್ಣದಾದಷ್ಟೂ ಕಣ್ಣು ಹಟ ಹಿಡಿದು ಹುಡುಕುತ್ತದೆ, ಟ್ರಿಗರ್ ತಡವಾಗುತ್ತದೆ. ಮಳೆಗಾಲದ ಮೋಡದ ಬೆಳಕಿಗೂ ಮಾರ್ಚ್ ತಿಂಗಳ ಬಿಸಿಲಿಗೂ ಹಿಂದಿನ ಸೈಟ್‌ನ ತೂತನ್ನು ಸ್ವಲ್ಪ ಬದಲಿಸಬೇಕಾಗುತ್ತದೆ. ತೂತನ್ನು ತಿರುಗಿಸಿ ಹಿಗ್ಗಿಸುವ, ಕುಗ್ಗಿಸುವ ಐರಿಸ್ ಇದ್ದರೆ ಇದು ಸುಲಭ. ನಿಮ್ಮ ಸೈಟ್‌ನ ಒಂದು ಕ್ಲಿಕ್ ಎಷ್ಟು ಸರಿಸುತ್ತದೆ ಅಂತ ನೀವೇ ಅಳೆಯಿರಿ. ಐದು ಗುಂಡು ಹೊಡೆಯಿರಿ, ಹತ್ತು ಕ್ಲಿಕ್ ಬಲಕ್ಕೆ ತಿರುಗಿಸಿ, ಮತ್ತೆ ಐದು. ಎರಡು ಗುಂಪುಗಳ ನಡುವಿನ ದೂರವನ್ನು ಹತ್ತರಿಂದ ಭಾಗಿಸಿ. ಆಮೇಲೆ ಹತ್ತು ಕ್ಲಿಕ್ ವಾಪಸ್ ತನ್ನಿ. ಗುಂಪು ಮೊದಲಿನ ಜಾಗಕ್ಕೇ ಬರದಿದ್ದರೆ ಸೈಟ್‌ನ ಒಳಗೆ ಸಡಿಲ ಇದೆ ಅಂತ ಅರ್ಥ.

ಸ್ಕ್ರೂ ಮತ್ತು ಬೆಡ್ಡಿಂಗ್

ಬ್ಯಾರೆಲ್ ಜೊತೆಗಿರುವ ಲೋಹದ ಭಾಗ, ಅಂದರೆ ಆ್ಯಕ್ಷನ್, ಸ್ಟಾಕ್‌ಗೆ ಎರಡು ಸ್ಕ್ರೂಗಳಲ್ಲಿ ಕೂತಿರುತ್ತದೆ. ಪ್ರತಿ ಗುಂಡಿಗೂ ಬ್ಯಾರೆಲ್ ನಡುಗುತ್ತದೆ. ಆ ನಡುಕ ಪ್ರತಿಸಲ ಒಂದೇ ರೀತಿ ಇದ್ದರೆ ಗುಂಡು ಒಂದೇ ಕಡೆ ಹೋಗುತ್ತದೆ. ಸ್ಕ್ರೂ ಬಿಗಿತ ಬದಲಾದರೆ ನಡುಕವೂ ಬದಲಾಗುತ್ತದೆ. ‘ಕೈಯಂದಾಜಿಗೆ ಬಿಗಿ’ ಮಾಡುವುದು ಬೇಡ. ಬಿಗಿತವನ್ನು ಅಂಕಿಯಲ್ಲಿ ತೋರಿಸುವ ಸಣ್ಣ ಟಾರ್ಕ್ ರೆಂಚ್ ಒಂದು ತಗೊಳ್ಳಿ. ನನ್ನ ಲೆಕ್ಕದಲ್ಲಿ ಹೊಸ ಶೂಟರ್ ಖರೀದಿಸಬೇಕಾದ ಮೊದಲ ಸಾಮಾನು ಇದೇ. ಬಿಗಿತದ ಅಂಕಿ ನಿಮ್ಮ ರೈಫಲ್‌ನ ಕೈಪಿಡಿಯಲ್ಲಿರುತ್ತದೆ. ಮರದ ಸ್ಟಾಕ್ ಮತ್ತು ಅಲ್ಯೂಮಿನಿಯಂ ಸ್ಟಾಕ್‌ಗೆ ಒಂದೇ ಅಂಕಿ ಇರಬೇಕೆಂದಿಲ್ಲ. ಆ ಮಿತಿಯೊಳಗೆ ಸ್ವಲ್ಪ ಸ್ವಲ್ಪವೇ ಬದಲಿಸಿ, ಪ್ರತಿ ಬಿಗಿತಕ್ಕೂ ಹತ್ತು ಗುಂಡಿನ ಗ್ರೂಪ್ (ಟಾರ್ಗೆಟ್ ಮೇಲಿನ ತೂತುಗಳ ಗುಂಪು) ಹೊಡೆದು ನೋಡಿ. ಯಾವುದಾದರೂ ಒಂದು ಕಡೆ ಗ್ರೂಪ್ ಮುದುಡಿಕೊಳ್ಳುತ್ತದೆ. ಅದನ್ನು ಬರೆದಿಡಿ.

ಬೆಡ್ಡಿಂಗ್, ಅಂದರೆ ಆ್ಯಕ್ಷನ್ ಸ್ಟಾಕ್‌ನಲ್ಲಿ ಕೂತಿರುವ ರೀತಿ, ಸರಿ ಇದೆಯಾ ಅಂತ ಮನೆಯಲ್ಲೇ ತಿಳಿಯಬಹುದು. ಖಾಲಿ ರೈಫಲನ್ನು ನೇರ ನಿಲ್ಲಿಸಿ. ಸ್ಟಾಕ್‌ನ ಮುಂತುದಿ ಮತ್ತು ಬ್ಯಾರೆಲ್ ಎರಡಕ್ಕೂ ತಾಗುವಂತೆ ಬೆರಳಿಡಿ. ಇನ್ನೊಂದು ಕೈಯಲ್ಲಿ ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ. ಬ್ಯಾರೆಲ್ ಸ್ಟಾಕ್‌ನಿಂದ ದೂರ ಚಿಮ್ಮಿದಂತೆ ಬೆರಳಿಗೆ ಗೊತ್ತಾದರೆ ಆ್ಯಕ್ಷನ್ ಸ್ಟಾಕ್‌ನಲ್ಲಿ ಬಾಗಿ ಕೂತಿದೆ. ಸಣ್ಣ ಚಲನೆ ಅಳೆಯುವ ಡಯಲ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. 0.05 ಮಿ.ಮೀ.ಗಿಂತ ಜಾಸ್ತಿ ಸರಿದರೆ ಬೆಡ್ಡಿಂಗ್ ಕೆಲಸ ಬೇಕು. ಅದು ಎಪಾಕ್ಸಿ ಹಾಕಿ ಮಾಡುವ ನಾಜೂಕಿನ ಕೆಲಸ. ತಪ್ಪಿದರೆ ಆ್ಯಕ್ಷನ್ ಸ್ಟಾಕ್‌ಗೇ ಅಂಟಿಕೊಳ್ಳುತ್ತದೆ. ಗೊತ್ತಿದ್ದವರ ಕೈಗೇ ಕೊಡಿ.

ಇನ್ನೊಂದು ಪರೀಕ್ಷೆಗೆ ಒಂದು ಹತ್ತು ರೂಪಾಯಿ ನೋಟು ಸಾಕು. ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ತುದಿಯಿಂದ ನೋಟು ತೂರಿಸಿ ಹಿಂದಕ್ಕೆ ಎಳೆಯುತ್ತಾ ಹೋಗಿ. ಆ್ಯಕ್ಷನ್‌ವರೆಗೆ ಎಲ್ಲೂ ತಡೆಯಬಾರದು. ಉಡುಪಿಯ ಸ್ನೇಹಿತರೊಬ್ಬರ ರೈಫಲ್ ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈ ಹೊತ್ತಿಗೆ ಅದೇ ಸೈಟ್, ಅದೇ ಪೆಟ್ಟಿಗೆಯ ರೌಂಡ್, ಆದರೆ ಗುಂಡುಗಳು ಒಂದೊಂದಾಗಿ ಎಡಮೇಲಕ್ಕೆ ಏರುತ್ತಿದ್ದವು. ಟ್ರಿಗರ್ ಮೇಲೆ, ಕಣ್ಣಿನ ಮೇಲೆ, ರೌಂಡ್ ಮೇಲೆ, ಎಲ್ಲದರ ಮೇಲೂ ಸಂಶಯ ಬಂತು. ನೋಟು ತೂರಿಸಿದರೆ ಬಲಬದಿಯಲ್ಲಿ ತುದಿಯಿಂದ ಮೂರು ಬೆರಳು ಒಳಗೆ ಗಪ್ಪನೆ ನಿಂತಿತು. ಮರ ತೇವ ಹೀರಿ ಉಬ್ಬಿ ಬ್ಯಾರೆಲ್‌ಗೆ ತಾಗುತ್ತಿತ್ತು. ಬ್ಯಾರೆಲ್ ಕಾದಂತೆಲ್ಲ ಮರ ಅದನ್ನು ಆಚೆ ತಳ್ಳುತ್ತಿತ್ತು. ಆ್ಯಕ್ಷನ್ ಬಿಚ್ಚಿ, ಒಂದು ಗೂಟಕ್ಕೆ ಎಮರಿ ಪೇಪರ್ ಸುತ್ತಿ ಆ ಜಾಗವನ್ನಷ್ಟೇ ಉಜ್ಜಿದೆವು. ಉಜ್ಜಿದ ಮರಕ್ಕೆ ವಾರ್ನಿಷ್ ಕೊಟ್ಟು ಒಣಗಿಸಿದೆವು. ಈ ವಾರ್ನಿಷ್ ಮರೆಯಬೇಡಿ. ಸ್ಟಾಕ್‌ನ ಹೊರಗೆ ಹೊಳಪು ಚೆನ್ನಾಗಿದ್ದರೂ ಬ್ಯಾರೆಲ್ ಕೂರುವ ಒಳಗಿನ ತೋಡಿನಲ್ಲಿ, ಸ್ಕ್ರೂ ತೂತಿನಲ್ಲಿ ಮರ ಬರಿದಾಗಿರಬಹುದು. ನೀರು ಹೀರುವುದು ಅಲ್ಲಿಂದಲೇ.

ಟ್ರಿಗರ್

ಮ್ಯಾಚ್ ರೈಫಲ್‌ಗಳ ಟ್ರಿಗರ್ ಸಾಮಾನ್ಯವಾಗಿ ಎರಡು ಹಂತದ್ದು. ಮೊದಲು ಸ್ವಲ್ಪ ದೂರ ಹಗುರವಾಗಿ ಬರುತ್ತದೆ, ಆಮೇಲೆ ಗೋಡೆ ಸಿಕ್ಕಿದಂತೆ ನಿಲ್ಲುತ್ತದೆ, ಅಲ್ಲಿಂದ ಚೂರು ಒತ್ತಿದರೆ ಹೊಡೆಯುತ್ತದೆ. ಆ ಗೋಡೆ ಬೆರಳಿಗೆ ಸ್ಪಷ್ಟವಾಗಿ ಸಿಗಬೇಕು. ಹೊಸಬರು ಎರಡನೇ ಹಂತವನ್ನು ತೀರಾ ಹಗುರ ಮಾಡಿಕೊಳ್ಳುತ್ತಾರೆ. ಬೆವರಿದ ಬೆರಳಿಗೆ, ಪಂದ್ಯದ ಗಡಿಬಿಡಿಗೆ ಅದು ಬೇಡ. ಒಟ್ಟು ಭಾರದ ಹೆಚ್ಚಿನ ಪಾಲನ್ನು ಮೊದಲ ಹಂತಕ್ಕೆ ಕೊಡಿ. ಆಗ ಬೆರಳು ಧೈರ್ಯವಾಗಿ ಗೋಡೆಯವರೆಗೆ ಹೋಗಿ ನಿಲ್ಲುತ್ತದೆ. ಸ್ಕ್ರೂ ತಿರುಗಿಸುವಾಗ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಯಾವ ಸ್ಕ್ರೂ ಯಾವುದಕ್ಕೆ ಅನ್ನುವುದನ್ನು ನಿಮ್ಮದೇ ಮಾಡೆಲ್‌ನ ಕೈಪಿಡಿಯಲ್ಲಿ ನೋಡಿಯೇ ಮುಟ್ಟಿ.

ಹೊಂದಿಸಿದ ಮೇಲೆ ಸುರಕ್ಷತೆಯ ಪರೀಕ್ಷೆ ತಪ್ಪಿಸಬೇಡಿ. ಖಾಲಿ ಚೇಂಬರ್, ಬೋಲ್ಟ್ ಮುಚ್ಚಿ ಕಾಕ್ ಆಗಿರಲಿ, ಅಂದರೆ ಟ್ರಿಗರ್ ಒತ್ತಿದರೆ ಬಿಡುವ ಸ್ಥಿತಿಯಲ್ಲಿರಲಿ. ಬಟ್‌ಪ್ಲೇಟನ್ನು ದಪ್ಪ ಮ್ಯಾಟ್ ಮೇಲೆ ಕುಕ್ಕಿ, ಸ್ಟಾಕ್‌ಗೆ ಅಂಗೈಯಿಂದ ತಟ್ಟಿ, ಬೋಲ್ಟ್ ಜೋರಾಗಿ ಮುಚ್ಚಿ ನೋಡಿ. ಒಂದು ಸಲವಾದರೂ ತಾನಾಗಿ ಬಿಟ್ಟುಕೊಂಡರೆ ಆ ಸೆಟ್ಟಿಂಗ್ ಬೇಡ. ವಾಪಸ್ ಹೋಗಿ. ಡ್ರೈ ಫೈರ್ (ರೌಂಡ್ ಇಲ್ಲದೆ ಟ್ರಿಗರ್ ಒತ್ತುವ) ಅಭ್ಯಾಸಕ್ಕೆ ಮುಂಚೆಯೂ ಕೈಪಿಡಿ ನೋಡಿ. ಪಾಯಿಂಟ್ 22ರಂತಹ ರಿಮ್‌ಫೈರ್ ರೈಫಲ್‌ನಲ್ಲಿ ಪಿನ್ ಬಡಿಯುವುದು ರೌಂಡ್‌ನ ಅಂಚಿಗೆ, ರೌಂಡ್ ಇಲ್ಲದಿದ್ದರೆ ಫೈರಿಂಗ್ ಪಿನ್ ಚೇಂಬರ್‌ನ ಅಂಚಿಗೆ ಬಡಿದು ಗಾಯ ಮಾಡಬಹುದು. ಡ್ರೈ ಫೈರ್ ವ್ಯವಸ್ಥೆ ಇಲ್ಲದಿದ್ದರೆ ಹೊಡೆದ ಖಾಲಿ ಕೇಸ್ ಹಾಕಿ, ಪ್ರತಿಸಲ ತಿರುಗಿಸಿ ಬಳಸಿ.

ರೌಂಡ್ ಆರಿಸುವುದು

ಎರಡು ಒಂದೇ ಮಾಡೆಲ್‌ನ ರೈಫಲ್‌ಗಳಿಗೂ ಒಂದೇ ರೌಂಡ್ ಇಷ್ಟವಾಗುವುದಿಲ್ಲ. ಬ್ರ್ಯಾಂಡ್ ಮಾತ್ರ ಅಲ್ಲ, ಒಂದೇ ಬ್ರ್ಯಾಂಡ್‌ನ ಬೇರೆ ಬೇರೆ ಬ್ಯಾಚ್‌ಗೂ ಗ್ರೂಪ್ ಬದಲಾಗುತ್ತದೆ. ಅದಕ್ಕಾಗಿಯೇ ರೌಂಡ್ ತಯಾರಿಸುವ ಈಲಿ (Eley), ಲಾಪುವಾ ಕಂಪನಿಗಳು ಶೂಟರ್‌ಗಳು ತಮ್ಮ ರೈಫಲ್ ತಂದು ಬ್ಯಾಚ್ ಪರೀಕ್ಷಿಸಲು ಬೇರೆಯೇ ರೇಂಜ್ ಇಟ್ಟಿವೆ. ನಮಗೆ ಅಷ್ಟೊಂದು ಆಯ್ಕೆ ಸಿಗುವುದಿಲ್ಲ. ರೈಫಲ್ ಸಂಘದ ಮೂಲಕ ಬಂದದ್ದರಲ್ಲೇ ಎರಡು ಮೂರು ಬ್ಯಾಚ್ ಸ್ವಲ್ಪ ಸ್ವಲ್ಪ ತಗೊಂಡು, ಗಾಳಿ ಇಲ್ಲದ ಬೆಳಗ್ಗೆ, ರೈಫಲನ್ನು ರೆಸ್ಟ್ (ಆಧಾರದ ಸ್ಟ್ಯಾಂಡ್) ಮೇಲಿಟ್ಟು ಹತ್ತತ್ತು ಗುಂಡಿನ ಗ್ರೂಪ್‌ಗಳನ್ನು ಹೊಡೆಯಿರಿ. ಬ್ಯಾಚ್ ಬದಲಿಸಿದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ರೌಂಡ್‌ನ ಮೇಣ ಬ್ಯಾರೆಲ್‌ನಲ್ಲಿ ಇನ್ನೂ ಇರುತ್ತದೆ. ಐದೈದು ಗುಂಡಿನ ಒಂದು ಚಂದದ ಗ್ರೂಪ್ ನೋಡಿ ತೀರ್ಮಾನ ಮಾಡಬೇಡಿ. ಚಂದದ ಗ್ರೂಪ್ ಎಲ್ಲ ಬ್ಯಾಚ್‌ನಲ್ಲೂ ಒಮ್ಮೊಮ್ಮೆ ಬರುತ್ತದೆ. ಎಲ್ಲಕ್ಕಿಂತ ಕೆಟ್ಟ ಗ್ರೂಪ್ ಯಾವ ಬ್ಯಾಚ್‌ನಲ್ಲಿ ಚಿಕ್ಕದಿದೆಯೋ ಅದನ್ನು ಆರಿಸಿ.

ಬೆಳಗ್ಗೆ ಅಂದದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಗಂಟೆಗೆ 10 ಕಿ.ಮೀ. ವೇಗದ ಅಡ್ಡಗಾಳಿ ಪಾಯಿಂಟ್ 22 ಗುಂಡನ್ನು 50 ಮೀಟರ್‌ನಲ್ಲಿ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಸರಿಸುತ್ತದೆ. ನಮ್ಮ ಹತ್ತಿರ ಇರುವುದೇ 8 ಮಿ.ಮೀ. ಗಾಳಿಯಲ್ಲಿ ಟ್ಯೂನಿಂಗ್ ಪರೀಕ್ಷೆ ಮಾಡಿದರೆ ನೀವು ಅಳೆಯುವುದು ಗಾಳಿಯನ್ನೇ. ರೌಂಡ್ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಗುಂಡಿನ ಮೇಲಿನ ಮೇಣ ಮೆತ್ತಗಾಗುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಬೀರುವಿನಲ್ಲಿ ಚರ್ಮದ ಬೆಲ್ಟ್‌ಗೂ ಬೂಸು ಹಿಡಿಯುತ್ತದೆ. ಅದೇ ಗಾಳಿಯಲ್ಲಿ ರೈಫಲ್ ಇರುತ್ತದೆ, ಮೇಲಿಂದ ಉಪ್ಪಿನಂಶ ಬೇರೆ. ಫೋಮ್ ಇರುವ ಪೆಟ್ಟಿಗೆ ಸಾಗಿಸಲು ಮಾತ್ರ. ಅದರೊಳಗೆ ರೈಫಲ್ ಇಟ್ಟು ತಿಂಗಳುಗಟ್ಟಲೆ ಮುಚ್ಚಿದರೆ ಫೋಮ್ ತಾಗಿದ ಜಾಗದಲ್ಲೇ ತುಕ್ಕು ಏಳುತ್ತದೆ. ಬೀಗ ಇರುವ ಕಪಾಟಿನಲ್ಲಿ ಗಾಳಿಯಾಡುವಂತೆ ನಿಲ್ಲಿಸಿ. ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಮಳೆ ಜೋರಿರುವ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಲೋಹಕ್ಕೆ ತೆಳುವಾಗಿ ಗನ್ ಆಯಿಲ್ ಸವರಿ. ಕೊಬ್ಬರಿ ಎಣ್ಣೆ ಬೇಡ. ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ.

ಏಸಿ ಕಾರಿನಿಂದ ಇಳಿದ ಕೂಡಲೇ ಪೆಟ್ಟಿಗೆ ತೆರೆಯುವುದು ಇನ್ನೊಂದು ಕೆಟ್ಟ ಅಭ್ಯಾಸ. ತಣ್ಣಗಿನ ಬ್ಯಾರೆಲ್‌ಗೆ ಹೊರಗಿನ ತೇವದ ಗಾಳಿ ತಾಗಿದರೆ ಕನ್ನಡಕದ ಗಾಜಿನಂತೆ ಅದೂ ಬೆವರುತ್ತದೆ. ಒಳಗೂ ಬೆವರುತ್ತದೆ, ಅದು ಕಾಣುವುದಿಲ್ಲ. ರೇಂಜ್ ತಲುಪಿದ ಮೇಲೆ ಪೆಟ್ಟಿಗೆ ಮುಚ್ಚಿಯೇ ಅರ್ಧ ಗಂಟೆ ನೆರಳಲ್ಲಿ ಬಿಡಿ.

ಬ್ಯಾರೆಲ್ ಕ್ಲೀನ್ ಮಾಡುವಾಗ ಯಾವಾಗಲೂ ಚೇಂಬರ್ ಕಡೆಯಿಂದ, ರಾಡ್ ಬದಿಗೆ ಉಜ್ಜದಂತೆ ನಡುವೆ ಹಿಡಿಯುವ ಬೋರ್ ಗೈಡ್ ಹಾಕಿಯೇ ರಾಡ್ ತೂರಿಸಿ. ಮುಂದಿನ ತುದಿಗೆ ರಾಡ್ ಉಜ್ಜಿದರೆ ಅಲ್ಲಿನ ಅಂಚು ಸವೆಯುತ್ತದೆ, ಗುಂಡು ಕೊನೆಗೆ ತಾಗಿ ಹೋಗುವುದು ಆ ಅಂಚಿಗೇ. ಚೇಂಬರ್‌ನ ಮುಂದೆ ಮಸಿಯ ಒಂದು ಗಟ್ಟಿ ಉಂಗುರ ಕಟ್ಟುತ್ತದೆ, ಅದರ ಮೇಲೆ ಕಣ್ಣಿರಲಿ. ಎಣ್ಣೆ ಹಾಕಿ ಇಟ್ಟ ರೈಫಲ್‌ನಲ್ಲಿ ಹೊಡೆಯುವ ಮುಂಚೆ ಒಣ ಪ್ಯಾಚ್ (ಬಟ್ಟೆಯ ತುಂಡು) ಎಳೆದು ಬ್ಯಾರೆಲ್ ಮತ್ತು ಚೇಂಬರ್‌ನ ಎಣ್ಣೆ ಪೂರ್ತಿ ತೆಗೆಯಿರಿ.

ಲೈಸೆನ್ಸ್ ಇಲ್ಲದ, 10 ಮೀಟರ್ ಏರ್ ರೈಫಲ್ ಹೊಡೆಯುವವರಿಗೂ ಮೈಗೆ ಹೊಂದಿಸುವ ಭಾಗ, ಸೈಟ್‌ನ ಭಾಗ, ಏಸಿ ಕಾರಿನ ಮಾತು ಎಲ್ಲ ಹಾಗೆಯೇ ಅನ್ವಯಿಸುತ್ತದೆ. ಅಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ರೌಂಡ್ ಬದಲು ಪೆಲೆಟ್ ಪರೀಕ್ಷೆ ಮಾಡಿ.

ಸೆಪ್ಟೆಂಬರ್ ಕೊನೆಗೆ ಮಳೆ ಬಿಟ್ಟ ಮೇಲೆ ಮರದ ಸ್ಟಾಕ್ ಇದ್ದವರು ಟಾರ್ಕ್ ರೆಂಚ್ ಹಿಡಿದು ಎರಡೂ ಸ್ಕ್ರೂ ಮತ್ತೆ ನೋಡಿ, ನೋಟು ತೂರಿಸಿ ನೋಡಿ. ಮರ ಒಣಗಿದಂತೆ ಬಿಗಿತ ಇಳಿದಿರುತ್ತದೆ. ಅಂಕಿ ಸರಿ ಮಾಡಿಕೊಂಡು, ಐದು ಗುಂಡು ಹೊಡೆದು, ಸೈಟ್‌ನ ಹೊಸ ಕ್ಲಿಕ್ ನಂಬರನ್ನು ತಾರೀಕು ಸಮೇತ ಬರೆದುಕೊಳ್ಳಿ.